ಗಾಂಜಾ ಅಂಗಡಿ ಎಲ್ಲಿರಬೇಕು? ಅಮೆರಿಕದ ಊರುಗಳ ಮೂರು ದಶಕ

1996ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 215ನೇ ಪ್ರಸ್ತಾವವನ್ನು ಒಪ್ಪಿದರು. ವೈದ್ಯರ ಶಿಫಾರಸು ಇದ್ದ ರೋಗಿ ಗಾಂಜಾ ಬಳಸಬಹುದು ಎಂದಾಯಿತು. ಆದರೆ ರೋಗಿ ಅದನ್ನು ಎಲ್ಲಿ ಕೊಳ್ಳಬೇಕು, ಯಾವ ಬೀದಿಯಲ್ಲಿ ಅಂಗಡಿ ಇಡಬಹುದು ಎಂಬುದರ ಸುದ್ದಿಯೇ ಆ ಕಾನೂನಿನಲ್ಲಿ ಇರಲಿಲ್ಲ. ಕೇಂದ್ರದ 1970ರ ಕಾನೂನಿನಲ್ಲಂತೂ ಗಾಂಜಾ ಪೂರ್ತಿ ನಿಷಿದ್ಧವಾಗಿತ್ತು. ಹೀಗೆ ಮೇಲಿನವರು ಕೈಬಿಟ್ಟ ಪ್ರಶ್ನೆ ನಗರಸಭೆಗಳ ಪಾಲಿಗೆ ಬಂತು. ಗಾಂಜಾ ಕಾನೂನಿನ ನಿಜವಾದ ಚರಿತ್ರೆ ನಡೆದದ್ದು ಅಲ್ಲಿಯೇ ಎಂದು ನನಗನ್ನಿಸುತ್ತದೆ.

ಓಕ್‌ಲೆಂಡ್ ಬೇಗ ಎಚ್ಚೆತ್ತುಕೊಂಡಿತು. 2004ರಲ್ಲೇ ಊರಿಗೆ ನಾಲ್ಕೇ ಅಂಗಡಿ ಎಂದು ಮಿತಿ ಹಾಕಿತು. ಲಾಸ್ ಏಂಜಲಿಸ್ ತಡಮಾಡಿತು. 2007ರಲ್ಲಿ ಹೊಸ ಅಂಗಡಿಗಳಿಗೆ ತಡೆ ಹಾಕಿದರೂ, ತೊಂದರೆಗೆ ಸಿಲುಕಿದವರು ವಿನಾಯಿತಿ ಕೇಳಬಹುದು ಎಂಬ ಒಂದು ಕಲಂ ಅದರಲ್ಲಿತ್ತು. ವ್ಯಾಪಾರಿಗಳು ಅರ್ಜಿ ಕೊಟ್ಟರು, ಉತ್ತರ ಬರುವ ಮೊದಲೇ ಬಾಗಿಲು ತೆರೆದರು. ಅರ್ಜಿಗಳು ಕಚೇರಿಯಲ್ಲಿ ಕೊಳೆಯುತ್ತಿದ್ದಂತೆ ನಗರದಲ್ಲಿ ನೂರಾರು ಅಂಗಡಿ ಎದ್ದವು. ಮೊಕದ್ದಮೆಗಳ ಮೇಲೆ ಮೊಕದ್ದಮೆ ನಡೆದು, 2013ರ ಮೇ ತಿಂಗಳಲ್ಲಿ ಮತದಾರರೇ ಹಳೆಯ ಸುಮಾರು 135 ಅಂಗಡಿಗಳಿಗಷ್ಟೇ ಉಳಿವು ಕೊಟ್ಟರು. ಅದೇ ತಿಂಗಳು ರಾಜ್ಯದ ಸುಪ್ರೀಂ ಕೋರ್ಟ್ ರಿವರ್‌ಸೈಡ್ ನಗರದ ಪ್ರಕರಣದಲ್ಲಿ, ಭೂಬಳಕೆಯ ಅಧಿಕಾರದಿಂದಲೇ ಊರೊಂದು ಗಾಂಜಾ ಅಂಗಡಿಯನ್ನು ಪೂರ್ತಿ ನಿಷೇಧಿಸಬಹುದು ಎಂದು ತೀರ್ಪು ಕೊಟ್ಟಿತು. ಈ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ.

ಅಂಗಡಿಗೆ ಒಪ್ಪಿದ ಕಡೆಯೂ ಅದು ಶಾಲೆಯಂಥ ಜಾಗಗಳಿಂದ ಇಷ್ಟು ದೂರ ಇರಬೇಕು ಎನ್ನುವ ಅಂತರದ ನಿಯಮ ಗಾಂಜಾಕ್ಕಾಗಿ ಹುಟ್ಟಿದ್ದಲ್ಲ. ವಯಸ್ಕರ ಚಿತ್ರಮಂದಿರಗಳನ್ನು ಮನೆ, ಶಾಲೆ, ಚರ್ಚುಗಳಿಂದ ಸಾವಿರ ಅಡಿ ದೂರವಿಡುವ ರೆಂಟನ್ ನಗರದ ಕಟ್ಟಳೆಯನ್ನು ದೇಶದ ಸುಪ್ರೀಂ ಕೋರ್ಟ್ 1986ರಲ್ಲಿ ಎತ್ತಿಹಿಡಿದಿತ್ತು. ಗಾಂಜಾ ನಿಯಮಗಳು ಅದೇ ಜಾಡು ಹಿಡಿದವು. ಕ್ಯಾಲಿಫೋರ್ನಿಯಾ 2010ರಲ್ಲಿ ಶಾಲೆಯಿಂದ 600 ಅಡಿ ಎಂದಿತು. ವಾಷಿಂಗ್ಟನ್ ರಾಜ್ಯ 2012ರಲ್ಲಿ ಶಾಲೆಯ ಜೊತೆಗೆ ಪಾರ್ಕು, ಗ್ರಂಥಾಲಯ, ಶಿಶುವಿಹಾರಗಳಿಂದಲೂ ಸಾವಿರ ಅಡಿ ಎಂದಿತು. ನಕ್ಷೆಯ ಮೇಲೆ ಇಷ್ಟೊಂದು ವೃತ್ತ ಎಳೆದರೆ ಪಟ್ಟಣದಲ್ಲಿ ಉಳಿಯುವ ಜಾಗವೆಷ್ಟು? 2015ರಲ್ಲಿ ಶಾಲೆ ಮತ್ತು ಆಟದ ಮೈದಾನ ಬಿಟ್ಟು ಉಳಿದವಕ್ಕೆ ಅಂತರವನ್ನು ನೂರು ಅಡಿವರೆಗೆ ಇಳಿಸಲು ವಾಷಿಂಗ್ಟನ್ ರಾಜ್ಯದ ಊರುಗಳಿಗೆ ಅವಕಾಶ ಸಿಕ್ಕಿತು.

ಉಳಿದ ಜಾಗ ಯಾರ ಮನೆಯ ಪಕ್ಕದಲ್ಲಿರುತ್ತದೆ ಎಂಬುದು ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ. 2014ರ ಜನವರಿಯಲ್ಲಿ ಕೊಲೊರಾಡೊದಲ್ಲಿ ವಯಸ್ಕರಿಗೆ ಮಾರಾಟ ಶುರುವಾಯಿತು. ಅಲ್ಲಿನ ಡೆನ್ವರ್ ನಗರದ ಗಾಂಜಾ ಬೆಳೆಯುವ ಗೋದಾಮುಗಳು ಗ್ಲೋಬ್‌ವಿಲ್, ಎಲೀರಿಯಾ-ಸ್ವಾನ್ಸಿಯಾದಂಥ ಉತ್ತರದ ಬಡಾವಣೆಗಳಲ್ಲಿ ಬಂದು ನೆಲೆಸಿದವು. ಹೆದ್ದಾರಿಯ ಹೊಗೆ, ಕಾರ್ಖಾನೆಗಳ ಮಾಲಿನ್ಯವನ್ನು ಮೊದಲೇ ಉಂಡಿದ್ದ ದುಡಿಯುವ ಜನ ಈಗ ಗಾಂಜಾದ ವಾಸನೆಯ ಬಗ್ಗೆಯೂ ದೂರು ಕೊಡಬೇಕಾಯಿತು. ಶ್ರೀಮಂತ ಬಡಾವಣೆಗಳನ್ನು ಕಾಯುವ ನಿಯಮ ಭಾರವನ್ನು ಬಡವರ ಕಡೆಗೆ ಸರಿಸಿದರೆ ಅದನ್ನು ನ್ಯಾಯ ಎನ್ನಲಾಗದು.

ಅಳತೆಯ ಗೊಂದಲ ಎಷ್ಟು ದುಬಾರಿ ಎಂಬುದನ್ನು ನ್ಯೂಯಾರ್ಕ್ ತೋರಿಸಿತು. ಅಲ್ಲಿ ಶಾಲೆಯಿಂದ 500 ಅಡಿ ದೂರ ಇರಬೇಕು. ಪರವಾನಗಿ ಕೊಡುವ ಕಚೇರಿ ಅಂಗಡಿಯ ಬಾಗಿಲಿನಿಂದ ಶಾಲೆಯ ಬಾಗಿಲಿಗೆ ಅಳೆಯುತ್ತಿತ್ತು. ಅಳೆಯಬೇಕಿದ್ದದ್ದು ಶಾಲೆಯ ಜಾಗದ ಗಡಿಯವರೆಗೆ ಎಂದು 2025ರ ಜುಲೈನಲ್ಲಿ ಅದೇ ಕಚೇರಿ ತಿಳಿಸಿತು. ಕರಾರು ಮಾಡಿಕೊಂಡು, ಸಾಲ ತಂದು, ಪರವಾನಗಿ ಪಡೆದಿದ್ದ ನೂರಕ್ಕೂ ಹೆಚ್ಚು ಅಂಗಡಿಗಳವರು ರಾತ್ರೋರಾತ್ರಿ ನಿಯಮ ಮೀರಿದವರಾದರು, ಕೋರ್ಟಿಗೆ ಓಡಿದರು. ಸರ್ಕಾರದ ಮಾತು ನಂಬಿ ಬಂಡವಾಳ ಹಾಕಿದವರು ಅವರು.

ಪೂರ್ತಿ ನಿಷೇಧವೂ ಸುಲಭದ ದಾರಿಯಲ್ಲ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ವಯಸ್ಕರಿಗೆ ಚಿಲ್ಲರೆ ಮಾರಾಟ ಕಾನೂನುಬದ್ಧವಾದರೂ ಅರ್ಧಕ್ಕೂ ಹೆಚ್ಚು ಸ್ಥಳೀಯ ಆಡಳಿತಗಳು ಅಂಗಡಿಗೆ ಒಪ್ಪಿಲ್ಲ. ರೋಗಿಗಳೂ ಸೇರಿದಂತೆ ಬೇಕಾದವರು ಪಕ್ಕದ ಊರಿಗೆ ಹೋಗುತ್ತಾರೆ, ಇಲ್ಲವೇ ಕಳ್ಳಸಂತೆಯಲ್ಲಿ ಕೊಳ್ಳುತ್ತಾರೆ. ರೋಗಿಗಳ ಈ ಪಾಡು ನೋಡಿ ರಾಜ್ಯ ಕಾನೂನು ಮಾಡಿತು. 2024ರ ಜನವರಿಯಿಂದ ಅಲ್ಲಿನ ಯಾವ ಊರೂ ವೈದ್ಯಕೀಯ ಗಾಂಜಾವನ್ನು ರೋಗಿಯ ಮನೆಗೆ ತಲುಪಿಸುವುದನ್ನು ತಡೆಯುವಂತಿಲ್ಲ.