‘ಸ್ಕಾಟ್-ಫ್ರೀ’ ಮತ್ತು ನಮ್ಮ ‘ಬಿಟ್ಟಿ’

ನನ್ನ ಹಳೆಯ ವಿದ್ಯಾರ್ಥಿಗಳಿಗೆ ಮೊದಲು ಒಂದು ತಪ್ಪೊಪ್ಪಿಗೆ. ‘ಸ್ಕಾಟ್-ಫ್ರೀ’ ಎಂಬ ಇಂಗ್ಲಿಷ್ ಪದವನ್ನು ಪಾಠ ಮಾಡುವಾಗ, ಅದು ಸ್ಕಾಟ್ಲೆಂಡಿನವರ ಜಿಪುಣತನದಿಂದ ಬಂದದ್ದೆಂದು ಹೇಳಿ ನಿಮ್ಮನ್ನು ನಗಿಸಿದ್ದೆ. ಅದು ಶುದ್ಧ ತಪ್ಪು.

ಸ್ಕಾಟ್ ಎಂದರೆ ತೆರಿಗೆ. ಪಾವತಿ ಎಂಬರ್ಥದ ಹಳೆಯ ನಾರ್ಸ್ ಪದಕ್ಕೆ ಅದು ಸಂಬಂಧಿಸಿದ್ದು. ಆದುದರಿಂದ ಸ್ಕಾಟ್-ಫ್ರೀ ಎಂದರೆ ಮೊದಲಿಗೆ ಕರಮುಕ್ತ ಎಂದಷ್ಟೇ ಅರ್ಥ. 16ನೆಯ ಶತಮಾನದ ಹೊತ್ತಿಗೆ ಅದು ದಂಡವಿಲ್ಲದೆ, ಗಾಯವಿಲ್ಲದೆ ಉಳಿದದ್ದಕ್ಕೂ ಸಲ್ಲತೊಡಗಿತು. ಇಂದು ಹೆಚ್ಚಾಗಿ, ಅಪರಾಧವೆಸಗಿಯೂ ಶಿಕ್ಷೆಯಿಲ್ಲದೆ ಪಾರಾದವನನ್ನು ಕುರಿತು ಕಹಿಯಿಂದ ಹೇಳುವ ಮಾತಾಗಿದೆ.

ಕರವಿಲ್ಲದ್ದು ಗಾಯವಿಲ್ಲದ್ದಾದುದು ಹೇಗೆ? ಉತ್ತರ ನಮ್ಮಲ್ಲಿಯೇ ಇದೆ. ಸಿದ್ಧಕಟ್ಟೆಯಿಂದ ಮೂಡುಬಿದಿರೆಗೆ ಹೋದರೆ, 15ನೆಯ ಶತಮಾನದ ಸಾವಿರ ಕಂಬದ ಬಸದಿಯಲ್ಲಿ ಶಾಸನಗಳನ್ನು ಕಾಣುತ್ತೇವೆ. ಕನ್ನಡ ನಾಡಿನ ಅನೇಕ ದಾನಶಾಸನಗಳಲ್ಲಿ ಕರಮುಕ್ತ ಭೂಮಿಯನ್ನು ‘ಸರ್ವಮಾನ್ಯ’ ಎಂದೂ ‘ಸರ್ವಬಾಧಾಪರಿಹಾರ’ ಎಂದೂ ಕರೆದಿದ್ದಾರೆ. ಇಲ್ಲಿ ಬಾಧೆಯೆಂದರೆ ರೋಗವಲ್ಲ, ಭೂತವೂ ಅಲ್ಲ; ಅರಮನೆಯ ತೆರಿಗೆ ಮತ್ತು ಬಿಟ್ಟಿ. ರೈತನಿಗೆ ಅದಕ್ಕಿಂತ ದೊಡ್ಡ ಗಾಯ ಯಾವುದಿತ್ತು?

ಈ ‘ಬಿಟ್ಟಿ’ಯ ಕಥೆಯೂ ವಿಚಿತ್ರ. ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ಈ ಪದಕ್ಕೆ ಕೂಲಿಯಿಲ್ಲದ ಬಲವಂತದ ದುಡಿಮೆ ಎಂದು ಅರ್ಥ. ಇಂದು ‘ಬಿಟ್ಟಿ ಸಿಕ್ಕಿತು’ ಎಂದು ಹಿಗ್ಗುತ್ತೇವೆ. ದುಡಿದವನ ನಷ್ಟವನ್ನು ಹೇಳುತ್ತಿದ್ದ ಪದವೀಗ ಪಡೆದವನ ಲಾಭವನ್ನು ಹೇಳುತ್ತಿದೆ.

ಸರ್ವಮಾನ್ಯದಲ್ಲಿಯೂ ಇದೇ ಮರೆವು ಅಡಗಿದೆ. ಅರಸನು ಬಿಟ್ಟ ಕರ ಸಲ್ಲುತ್ತಿದ್ದುದು ದಾನ ಪಡೆದವನಿಗೆ. ಉಳುವವನ ಹೊರೆ ಅದರಿಂದ ಇಳಿಯಲಿಲ್ಲ. ಒಕ್ಕಲು ಕುಟುಂಬದಲ್ಲಿ ಹುಟ್ಟಿದ ನಾನು ಬಾಲ್ಯದಲ್ಲಿ ಗೇಣಿಯ ಮುಡಿ ಅಕ್ಕಿ ಅಂಗಳ ದಾಟಿ ಹೋಗುವುದನ್ನು ನೋಡಿದ್ದೇನೆ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು, ಹಿರಿಯರು ಡಿಕ್ಲರೇಶನ್ ಕೊಟ್ಟ ಮೇಲೆ ಆ ಮುಡಿಗಳು ಮನೆಯಲ್ಲೇ ಉಳಿದವು. ಅಮ್ಮ ಅವುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದರು.

ಇಂಗ್ಲೆಂಡಿನ ಇನ್ನೊಂದು ಸಂಗತಿ. 1832ರ ಸುಧಾರಣಾ ಕಾಯಿದೆಗೆ ಮೊದಲು ಅಲ್ಲಿನ ಕೆಲವು ಪಟ್ಟಣಗಳಲ್ಲಿ ‘ಸ್ಕಾಟ್ ಅಂಡ್ ಲಾಟ್’ ಎಂಬ ಊರ ತೆರಿಗೆ ಕೊಟ್ಟವರಿಗೆ ಮಾತ್ರ ಮತದಾನದ ಹಕ್ಕಿತ್ತು. ಸ್ಕಾಟ್ ಹೊರೆಯೂ ಹೌದು, ಊರಿನ ಮಾತಿನಲ್ಲಿ ಪಾಲೂ ಹೌದು.

ಯಾರಾದರೂ ಸ್ಕಾಟ್-ಫ್ರೀ ಆದರೆಂದು ಕೇಳಿದಾಗ, ಆ ಸ್ಕಾಟನ್ನು ಅವರ ಬದಲು ಕಟ್ಟಿದವರು ಯಾರೆಂದೂ ವಿಚಾರಿಸಿರಿ. ಅಂದು ತರಗತಿಯಲ್ಲಿ ನಾನು ಹೇಳಬೇಕಾಗಿದ್ದುದು ಇದನ್ನೇ.