ಕಳ್ಳ ಎಂಬ ಎರಡಕ್ಷರ: ದಂಡಸಂಹಿತೆಯ ಚರಿತ್ರೆಯಿಂದ ಕೆಲವು ಪುಟಗಳು

ಬೇಸಿಗೆಯ ರಜೆಗೆ ಬಂದಿದ್ದ ಮೊಮ್ಮಗ ಒಂದು ಬೆಳಿಗ್ಗೆ ದಿನಪತ್ರಿಕೆ ಓದುತ್ತಿದ್ದವನು ತಲೆಯೆತ್ತಿ, "ಅಜ್ಜ, ಇಲ್ಲಿ ಕಳ್ಳತನ ಅಂತಿದೆ, ಕೆಳಗೆ ಸುಲಿಗೆ ಅಂತಿದೆ, ಆಚೆ ಪುಟದಲ್ಲಿ ಡಕಾಯಿತಿ. ಎಲ್ಲಾ ಕದಿಯೋದೇ ತಾನೆ?" ಎಂದು ಕೇಳಿದ. ಸಣ್ಣ ಪ್ರಶ್ನೆಗೆ ಒಂದು ಪಿರಿಯಡ್ ಪೂರ್ತಿ ಉತ್ತರ ಹೇಳುವ ನನ್ನ ಚಾಳಿ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಗೊತ್ತೇ ಇದೆ. ಅವನಿಗೆ ಹೇಳಿದ್ದನ್ನೂ, ಹೇಳದೆ ಉಳಿಸಿಕೊಂಡ ಒಂದು ಸಂಗತಿಯನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೆಕಾಲೆ ಎಂದೊಡನೆ ಶಿಕ್ಷಕರಾದ ನಮಗೆ ನೆನಪಾಗುವುದು 1835ರ ಶಿಕ್ಷಣ ಟಿಪ್ಪಣಿ. ಆದರೆ ಅವನು ಭಾರತಕ್ಕೆ ಬಂದದ್ದು ಗವರ್ನರ್ ಜನರಲ್‌ನ ಮಂಡಳಿಯ ಕಾನೂನು ಸದಸ್ಯನಾಗಿ. 1833ರ ಚಾರ್ಟರ್ ಕಾಯಿದೆಯು ಆ ಹುದ್ದೆಯನ್ನೂ ಅದರೊಂದಿಗೆ ಒಂದು ಕಾನೂನು ಆಯೋಗವನ್ನೂ ಸೃಷ್ಟಿಸಿತ್ತು. 1834ರ ಜೂನ್ ತಿಂಗಳಲ್ಲಿ ಅವನು ಮದರಾಸಿನಲ್ಲಿ ಇಳಿದಾಗ ಗವರ್ನರ್ ಜನರಲ್ ಬೆಂಟಿಂಕ್ ಉದಕಮಂಡಲದಲ್ಲಿದ್ದನು. ಆದ್ದರಿಂದ ಮೆಕಾಲೆ ಪಲ್ಲಕ್ಕಿಯಲ್ಲಿ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳನ್ನು ಹಾದು ನೀಲಗಿರಿಯನ್ನು ಹತ್ತಬೇಕಾಯಿತು. ಶ್ರೀರಂಗಪಟ್ಟಣವನ್ನು ನೋಡುವ ಕುತೂಹಲ ಅವನಿಗೆ ವಿಶೇಷವಾಗಿತ್ತು. ಅವನ ತಂದೆಯ ಸೋದರನೊಬ್ಬ ಹಿಂದೆ ಅಲ್ಲಿ ಸೆರೆಯಾಳಾಗಿದ್ದವನು. ಮುಂದೆ ಇಡೀ ದೇಶಕ್ಕೆ ದಂಡಸಂಹಿತೆ ಬರೆಯಲಿದ್ದ ಮನುಷ್ಯ ಮೊದಲು ಕಂಡ ಭಾರತದಲ್ಲಿ ನಮ್ಮ ಕನ್ನಡನಾಡಿನ ದಾರಿಯೂ ಸೇರಿತ್ತೆಂಬುದನ್ನು ನಾನು ತರಗತಿಯಲ್ಲಿ ಸಂತೋಷದಿಂದ ಹೇಳುತ್ತಿದ್ದೆ.

ಆ ಕಾಲದಲ್ಲಿ ಅಪರಾಧ ಎಂಬ ಶಬ್ದಕ್ಕೆ ಎಲ್ಲೆಡೆ ಒಂದೇ ಅರ್ಥವಿರಲಿಲ್ಲ. ಕಲ್ಕತ್ತೆ, ಮದರಾಸು, ಬೊಂಬಾಯಿ ಪಟ್ಟಣಗಳ ಒಳಗೆ ಇಂಗ್ಲೆಂಡಿನ ಕಾನೂನು. ಬಂಗಾಳ ಮತ್ತು ಮದರಾಸು ಪ್ರಾಂತಗಳ ಒಳನಾಡಿನಲ್ಲಿ ಕಂಪನಿಯ ರೆಗ್ಯುಲೇಷನ್‌ಗಳಿಂದ ತಿದ್ದಲ್ಪಟ್ಟ ಇಸ್ಲಾಮೀ ದಂಡನೀತಿ. ಬೊಂಬಾಯಿ ಪ್ರಾಂತಕ್ಕೆ 1827ರಲ್ಲಿ ಎಲ್ಫಿನ್‌ಸ್ಟನ್ ಮಾಡಿಸಿದ ಬೇರೆಯೇ ಒಂದು ಸಂಹಿತೆ. ಕೊಲೆಯಾದವನ ವಾರಸುದಾರರು ಕೊಲೆಗಾರನನ್ನು ಕ್ಷಮಿಸಿಬಿಡಬಹುದಾದ ಹಳೆಯ ಪದ್ಧತಿಯನ್ನೂ, ಕೈಕಾಲು ಕತ್ತರಿಸುವ ಶಿಕ್ಷೆಯನ್ನೂ ಕಾರ್ನ್‌ವಾಲಿಸ್ 1790ರ ದಶಕದ ಆರಂಭದಲ್ಲೇ ನಿಲ್ಲಿಸಿದ್ದರೂ ಗೊಂದಲ ಉಳಿದೇ ಇತ್ತು.

ಮೆಕಾಲೆಯ ಆಯೋಗವೇ ಇದಕ್ಕೊಂದು ಉದಾಹರಣೆ ಕೊಟ್ಟಿದೆ. ಖೋಟಾ ದಸ್ತಾವೇಜು ಮಾಡುವುದು ಮತ್ತು ಸುಳ್ಳುಸಾಕ್ಷಿ ಹೇಳುವುದು ಎಂಬ ಎರಡು ಅಪರಾಧಗಳನ್ನು ತೆಗೆದುಕೊಳ್ಳಿ. ಬಂಗಾಳದಲ್ಲಿ ಗಂಭೀರವಾದ ಖೋಟಾಕ್ಕೆ ಸುಳ್ಳುಸಾಕ್ಷಿಯ ಎರಡರಷ್ಟು ಅವಧಿಯ ಸೆರೆವಾಸ; ಬೊಂಬಾಯಿಯಲ್ಲಿ ಸುಳ್ಳುಸಾಕ್ಷಿಗೆ ಖೋಟಾದ ಎರಡರಷ್ಟು; ಮದರಾಸಿನಲ್ಲಿ ಎರಡಕ್ಕೂ ಸಮಸಮ. ಅಂದು ಧಾರವಾಡ ಬೊಂಬಾಯಿ ಪ್ರಾಂತದಲ್ಲಿತ್ತು, ಬಳ್ಳಾರಿ ಮದರಾಸು ಪ್ರಾಂತದಲ್ಲಿತ್ತು. ಒಂದೇ ಭಾಷೆಯಲ್ಲಿ ಹೇಳಿದ ಒಂದೇ ಸುಳ್ಳು ಒಂದೂರಿನಲ್ಲಿ ದೊಡ್ಡದು, ನಾಲ್ಕಾರು ದಿನದ ನಡಿಗೆಯ ಆಚೆಯ ಊರಿನಲ್ಲಿ ಅಷ್ಟೊಂದು ದೊಡ್ಡದಲ್ಲ!

1837ರಲ್ಲಿ ಕರಡು ಸಿದ್ಧವಾಯಿತು. ಆದರೆ ಅದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಡತಗಳಲ್ಲೇ ಮಲಗಿತ್ತು. 1857ರ ದಂಗೆಯ ನಂತರ ಆಡಳಿತ ಕಂಪನಿಯಿಂದ ರಾಣಿಯ ಕೈಗೆ ಹೋದ ಮೇಲೆ, ಬಾರ್ನ್ಸ್ ಪೀಕಾಕ್ ಎಂಬ ನ್ಯಾಯಜ್ಞನಿಂದ ಪರಿಷ್ಕೃತವಾಗಿ 1860ರ ಅಕ್ಟೋಬರ್ 6ರಂದು ಕಾಯಿದೆಯಾಯಿತು. 1862ರ ಜನವರಿ 1ರಿಂದ ಜಾರಿಗೆ ಬಂದಿತು. ಮೆಕಾಲೆ 1859ರ ಡಿಸೆಂಬರ್‌ನಲ್ಲೇ ತೀರಿಕೊಂಡಿದ್ದನು. 23 ಅಧ್ಯಾಯ, 511 ಕಲಮುಗಳ ಆ ಗ್ರಂಥವೇ ಭಾರತೀಯ ದಂಡ ಸಂಹಿತೆ.

ಈಗ ಮೊಮ್ಮಗನ ಪ್ರಶ್ನೆಗೆ ಬರೋಣ. ಸಂಹಿತೆಯ 378ನೆಯ ಕಲಮು ಕಳ್ಳತನವನ್ನು ಹೀಗೆ ಬಿಡಿಸುತ್ತದೆ: ಚರವಸ್ತುವಾಗಿರಬೇಕು, ಅದು ಇನ್ನೊಬ್ಬನ ಸ್ವಾಧೀನದಲ್ಲಿರಬೇಕು, ಅವನ ಒಪ್ಪಿಗೆ ಇರಬಾರದು, ವಸ್ತುವನ್ನು ಕದಲಿಸಿರಬೇಕು, ಮತ್ತು ಅಪ್ರಾಮಾಣಿಕ ಉದ್ದೇಶವಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಕಳ್ಳತನವಿಲ್ಲ. ನೆಲದಲ್ಲಿ ಬೇರೂರಿ ನಿಂತ ಮರವನ್ನು ಕದಿಯಲಾಗದು. ಕಡಿದು ನೆಲದಿಂದ ಬೇರ್ಪಡಿಸಿದ ಕ್ಷಣ ಕದಿಯಬಹುದು. ರಸ್ತೆಯಲ್ಲಿ ಯಾರ ವಶದಲ್ಲೂ ಇಲ್ಲದೆ ಬಿದ್ದ ಉಂಗುರವನ್ನು ಎತ್ತಿಕೊಳ್ಳುವುದು ಕಳ್ಳತನವಲ್ಲ. ಆದರೆ ಅದನ್ನು ಅಪ್ರಾಮಾಣಿಕವಾಗಿ ತನ್ನದಾಗಿಸಿಕೊಂಡರೆ ದುರ್ವಿನಿಯೋಗವೆಂಬ ಬೇರೊಂದು ಅಪರಾಧ. ನಂಬಿ ಕೊಟ್ಟದ್ದನ್ನು ನುಂಗಿದರೆ ನಂಬಿಕೆ ದ್ರೋಹ. ಮೋಸದ ಮಾತಿನಿಂದ ಅವರ ಕೈಯಿಂದಲೇ ಕೊಡಿಸಿಕೊಂಡರೆ ವಂಚನೆ. ನಮ್ಮ ಆಡುಮಾತಿಗೆ 'ಫೋರ್‌ಟ್ವೆಂಟಿ' ಎಂಬ ಬೈಗುಳವನ್ನು ಕೊಟ್ಟ 420ನೆಯ ಕಲಮು ಈ ಜಾತಿಯದು.

ಬೆದರಿಸಿ ಕೊಡಿಸಿಕೊಂಡರೆ ಕಾನೂನಿನ ಕನ್ನಡದಲ್ಲಿ ಸುಲಿಗೆ. ಕಳ್ಳತನಕ್ಕಾಗಿ ಹೊಡೆದರೆ, ತಡೆದು ನಿಲ್ಲಿಸಿದರೆ, ಅಥವಾ ಎದುರಿಗೇ ನಿಂತು ಆ ಕ್ಷಣದ ಪ್ರಾಣಭಯ ಒಡ್ಡಿ ಕಿತ್ತುಕೊಂಡರೆ ದರೋಡೆ. (ಪತ್ರಿಕೆಗಳು ಈ ಎರಡು ಶಬ್ದಗಳನ್ನು ಅದಲುಬದಲು ಮಾಡುವುದುಂಟು.) ದರೋಡೆಯನ್ನೇ ಐದು ಮಂದಿ ಅಥವಾ ಹೆಚ್ಚು ಜನ ಕೂಡಿ ಮಾಡಿದರೆ ಡಕಾಯಿತಿ. "ನಾಲ್ಕೇ ಜನ ಬಂದರೆ?" ಎಂದ ಮೊಮ್ಮಗ. ನಾಲ್ವರಾದರೆ ಅದು ದರೋಡೆಯೇ. ಆದರೆ ಐವರಾದ ಮೇಲೆ ಅದರ ಸಿದ್ಧತೆಯೂ ಅಪರಾಧ, ಅದಕ್ಕಾಗಿ ಗುಂಪು ಸೇರುವುದೂ ಅಪರಾಧ. ಐವರಲ್ಲಿ ಒಬ್ಬ ಕೊಲೆ ಮಾಡಿದರೂ ಐವರೂ ಅದರ ಹೊಣೆಗಾರರು. ಹಳ್ಳಿಗಳ ಮೇಲೆ ಬೀಳುತ್ತಿದ್ದ ತಂಡಗಳ ಭಯ ಹತ್ತೊಂಬತ್ತನೆಯ ಶತಮಾನದ ಆ ಎಣಿಕೆಯಲ್ಲಿ ಅಡಗಿದೆ.

ಪ್ರಾಣಹಾನಿಯ ಅಧ್ಯಾಯದಲ್ಲಿ ಈ ವಿವೇಚನೆ ಇನ್ನೂ ಸೂಕ್ಷ್ಮವಾಗುತ್ತದೆ. ಸಂಹಿತೆಯ ತುಂಬ ಎ, ಬಿ, ಜೆಡ್ ಎಂಬ ಅಕ್ಷರಗಳೇ ಪಾತ್ರಗಳಾದ ಪುಟ್ಟ ಕಥೆಗಳಿವೆ. ಪೊದೆಯ ಹಿಂದೆ ಜೆಡ್ ಇರುವುದು ಎ ಎಂಬವನಿಗೆ ಗೊತ್ತು, ಬಿ ಎಂಬವನಿಗೆ ಗೊತ್ತಿಲ್ಲ. ಎ ಪ್ರೇರೇಪಿಸಿ ಬಿ ಕೈಯಿಂದ ಗುಂಡು ಹಾರಿಸುತ್ತಾನೆ; ಜೆಡ್ ಸಾಯುತ್ತಾನೆ. ಗುಂಡು ಹೊಡೆದ ಬಿ ನಿರಪರಾಧಿಯಾಗಬಹುದು, ಬಂದೂಕನ್ನೇ ಮುಟ್ಟದ ಎ ಅಪರಾಧಿ! ಕೈ ಏನು ಮಾಡಿತೆಂಬುದಷ್ಟೇ ಅಲ್ಲ, ಮನಸ್ಸಿನಲ್ಲಿ ಏನಿತ್ತು, ಏನು ತಿಳಿದಿತ್ತು ಎಂಬುದನ್ನೂ ಕೇಳಬೇಕು. ಆದ್ದರಿಂದಲೇ ಕೊಲೆ ಬೇರೆ, ಕೊಲೆಯಲ್ಲದ ದಂಡನೀಯ ನರಹತ್ಯೆ ಬೇರೆ. ಅಜಾಗರೂಕತೆಯಿಂದಾದ ಸಾವಿಗೆ 304ಎ ಎಂಬ ಪ್ರತ್ಯೇಕ ಕಲಮು ಸೇರಿದ್ದು 1870ರಲ್ಲಿ. ಏಳು ವರ್ಷದೊಳಗಿನ ಮಗು ಮಾಡಿದ ಯಾವುದೂ ಅಪರಾಧವಲ್ಲ. ಏಳರಿಂದ ಹನ್ನೆರಡರವರೆಗಿನ ಮಗುವಾದರೆ, ತನ್ನ ಕೆಲಸದ ಪರಿಣಾಮ ಅರಿಯುವಷ್ಟು ಬುದ್ಧಿ ಬಲಿತಿತ್ತೇ ಎಂದು ನೋಡಬೇಕು.

ಇನ್ನೊಂದು ವಿಂಗಡಣೆ ದಂಡಪ್ರಕ್ರಿಯಾ ಸಂಹಿತೆಯದು. ವಾರಂಟಿಲ್ಲದೆ ಪೊಲೀಸರು ಬಂಧಿಸಬಹುದಾದವು ಸಂಜ್ಞೇಯ ಅಪರಾಧಗಳು, ಉಳಿದವು ಅಸಂಜ್ಞೇಯ. ಜಾಮೀನು ಹಕ್ಕಾಗಿ ದೊರೆಯುವವು ಒಂದು ಬಗೆ. ನ್ಯಾಯಾಲಯದ ವಿವೇಚನೆಗೆ ಬಿಟ್ಟವು ಇನ್ನೊಂದು ಬಗೆ. 'ಜಾಮೀನುರಹಿತ' ಎಂದರೆ ಜಾಮೀನು ಸಿಗುವುದೇ ಇಲ್ಲವೆಂದು ಬಹಳ ಜನ ತಿಳಿದಿದ್ದಾರೆ, ಹಾಗಲ್ಲ. ಹಾಗೆಯೇ ಆರೋಪಿ ಬೇರೆ, ಅಪರಾಧಿ ಬೇರೆ. ತೀರ್ಪು ಬರುವವರೆಗೆ ಎರಡನೆಯ ಶಬ್ದವನ್ನು ಬಳಸುವ ಅಧಿಕಾರ ಯಾರಿಗೂ ಇಲ್ಲ.

ಇಷ್ಟು ಎಚ್ಚರದಿಂದ ಶಬ್ದಗಳನ್ನು ತೂಗಿದ ಸರಕಾರವೇ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿತೆಂಬುದು ಚರಿತ್ರೆಯ ಕಹಿ ವಿಪರ್ಯಾಸ. ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿದ್ದ ಅದರ ವ್ಯಾಪ್ತಿ 1911ರ ಕಾಯಿದೆಯಿಂದ ದಕ್ಷಿಣಕ್ಕೂ ಹಬ್ಬಿತು. ಉದ್ದೇಶವಿಲ್ಲ, ಕೃತ್ಯವಿಲ್ಲ, ಸಾಕ್ಷಿಯಿಲ್ಲ. ಇಂಥ ಕುಲದಲ್ಲಿ ಹುಟ್ಟಿದ್ದೇ ಸಾಕು. ಹೆಸರು ನೋಂದಾಯಿಸಬೇಕು, ಹಾಜರಿ ಕೊಡಬೇಕು, ಊರು ಬಿಡಲು ಅಪ್ಪಣೆ ಬೇಕು. ಅಂಥವರನ್ನು ಕೂಡಿಹಾಕಿದ ವಸಾಹತುಗಳಲ್ಲಿ ಒಂದು ನಮ್ಮ ಹುಬ್ಬಳ್ಳಿಯಲ್ಲಿತ್ತು. 'ಸೆಟ್ಲ್‌ಮೆಂಟ್' ಎಂಬ ಹೆಸರು ಅಲ್ಲಿ ಇಂದಿಗೂ ಉಳಿದಿದೆ. 1952ರಲ್ಲಿ ದೇಶಾದ್ಯಂತ ಆ ಕಾಯಿದೆ ರದ್ದಾಯಿತು. ಕಾಯಿದೆಯನ್ನು ಒಂದು ದಿನದಲ್ಲಿ ರದ್ದು ಮಾಡಬಹುದು. ಜನರ ಬಾಯಲ್ಲಿ ಕುಳಿತ ಹೆಸರನ್ನು ರದ್ದು ಮಾಡುವವರು ಯಾರು?

ಈ ಪ್ರಶ್ನೆಯನ್ನು ಬರೆಯುವಾಗ ಕೈ ತಡೆಯುತ್ತದೆ. ಮೊಮ್ಮಗನಿಗೆ ಹೇಳದೆ ಉಳಿಸಿಕೊಂಡ ಸಂಗತಿ ಇದು.

ಮಲೆನಾಡಿನ ಶಾಲೆಯೊಂದರಲ್ಲಿ ನಾನು ಹೊಸದಾಗಿ ಸೇರಿದ್ದ ದಿನಗಳು. ಮಳೆಗಾಲದಲ್ಲಿ ಜಗಲಿಯ ತುಂಬ ಒಂದೇ ರೀತಿಯ ಕಪ್ಪು ಕೊಡೆಗಳು. ಎಂಟನೆಯ ತರಗತಿಯ ಹುಡುಗನೊಬ್ಬ ಇನ್ನೊಬ್ಬನ ಕೊಡೆಯನ್ನು ಮನೆಗೆ ಒಯ್ದಿದ್ದ. ಮರುದಿನ ದೂರು ಬಂತು. ಕೊಡೆ ಇವನ ಕೈಯಲ್ಲೇ ಇತ್ತು. ನಾನು ಏನನ್ನೂ ಕೇಳದೆ ಇಡೀ ತರಗತಿಯ ಎದುರು ಅವನನ್ನು ಕಳ್ಳ ಎಂದೆ. ಅವನು ಏನೋ ಹೇಳಲು ಬಾಯಿ ತೆರೆದ. ಕುಳಿತುಕೋ ಎಂದು ಗದರಿದೆ. ಸಂಜೆ ಜವಾನ ಬಾಗಿಲ ಹಿಂದಿನ ಮೂಲೆಯಿಂದ ಅಂಥದ್ದೇ ಇನ್ನೊಂದು ಕೊಡೆಯನ್ನು ತಂದುಕೊಟ್ಟ. ಅದು ಆ ಹುಡುಗನದು. ಮರುದಿನ ತರಗತಿಯಲ್ಲಿ "ಕೊಡೆ ಸಿಕ್ಕಿತು" ಎಂದಷ್ಟೇ ಹೇಳಿದೆನೇ ಹೊರತು ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮಾಸ್ತರಿಕೆಯ ಗತ್ತು ಅಡ್ಡ ಬಂದಿತು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಹುಡುಗರು ಅವನನ್ನು 'ಕೊಡೆಕಳ್ಳ' ಎಂದೇ ಕರೆದರು.

ಎಷ್ಟೋ ವರ್ಷಗಳ ಮೇಲೆ 378ನೆಯ ಕಲಮಿನ ದೃಷ್ಟಾಂತಗಳನ್ನು ಓದುವಾಗ ಅವುಗಳ ಕೊನೆಯದರಲ್ಲಿ ನಾನು ಆ ಹುಡುಗನನ್ನು ಕಂಡೆ. ಎ ಎಂಬವನು ಇನ್ನೊಬ್ಬನ ವಸ್ತುವನ್ನು ತನ್ನದೇ ಎಂದು ಸದ್ಭಾವನೆಯಿಂದ ನಂಬಿ ತೆಗೆದುಕೊಳ್ಳುತ್ತಾನೆ; ಅಪ್ರಾಮಾಣಿಕತೆ ಇಲ್ಲವಾದ್ದರಿಂದ ಅದು ಕಳ್ಳತನವಲ್ಲ. ನಾನು ತರಗತಿಯಲ್ಲಿ ಬೈಯುತ್ತಿದ್ದ ಮೆಕಾಲೆಗೆ 1837ರಲ್ಲೇ ತಿಳಿದಿದ್ದ ನ್ಯಾಯ ನನಗೆ ಆ ಬೆಳಿಗ್ಗೆ ತಿಳಿಯಲಿಲ್ಲ.

2024ರ ಜುಲೈ 1ರಿಂದ ಹಳೆಯ ಸಂಹಿತೆಯ ಜಾಗಕ್ಕೆ 358 ಕಲಮುಗಳ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಳ್ಳತನ ಈಗ 303ನೆಯ ಕಲಮು, ಡಕಾಯಿತಿ 310, ಕೊಲೆಯ ಶಿಕ್ಷೆ 103, ವಂಚನೆ 318. ಮಿಂಚಿನಂತೆ ಬಂದು ಸರ ಎಳೆದೊಯ್ಯುವುದಕ್ಕೆ 304ರಲ್ಲಿ ಪ್ರತ್ಯೇಕ ಸ್ಥಾನ ದೊರೆತಿದೆ. ಸಂಖ್ಯೆಗಳು ಬದಲಾದರೂ ಕಳ್ಳತನದ ಲಕ್ಷಣಗಳು ಹಾಗೆಯೇ ಇವೆ. ಡಕಾಯಿತಿಗೆ ಇಂದಿಗೂ ಐವರೇ ಬೇಕು. ಹೊಸದಾಗಿ ಬಂದ ಒಂದು ಮಾತು ನನಗೆ ಹಿಡಿಸಿತು: ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯದನ್ನು ಕದ್ದು, ಮೊದಲ ಸಲ ದೋಷಿಯೆನಿಸಿ, ವಸ್ತುವನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದವನಿಗೆ ಸಮುದಾಯ ಸೇವೆಯೇ ಶಿಕ್ಷೆ. ನಿಜವಾಗಿ ಕದ್ದವನಿಗೂ ಕಾನೂನು ಇಷ್ಟು ದಾರಿ ಬಿಟ್ಟಿದೆ.

ಪತ್ರಿಕೆಯಲ್ಲಿ ಒಬ್ಬನ ಹೆಸರಿನ ಮುಂದೆ ಒಂದು ಶಬ್ದವನ್ನು ಕಂಡಾಗ, ಅಥವಾ ಮನೆಯಲ್ಲಿ ಮಗುವಿಗೆ ಅಂಥ ಶಬ್ದವನ್ನು ಬಳಸಲು ಹೊರಟಾಗ, ಸ್ವಲ್ಪ ತಡೆದು ಆ ಐದು ಲಕ್ಷಣಗಳನ್ನು ನೆನೆಯಿರಿ ಎಂಬುದಷ್ಟೇ ನನ್ನ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ನನ್ನ ಕೋರಿಕೆ. ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಅವನಿಗೂ ಈಗ ತಲೆ ನರೆತಿರಬಹುದು. ನಿಮ್ಮಲ್ಲಿ ಯಾರಿಗಾದರೂ ಅವನ ನೆನಪಿದ್ದು ಭೇಟಿಯಾದರೆ, ಮೇಷ್ಟ್ರು ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದಾರೆ ಎಂದು ತಿಳಿಸಿ.