ಕೋವಿಯಿಂದ ಕ್ಯಾಮೆರಾಕ್ಕೆ: ಸೂರಕ್ಕಿ ವೀಕ್ಷಣೆ ನಡೆದುಬಂದ ದಾರಿ

ಹಮ್ಮಿಂಗ್‌ಬರ್ಡ್‌ಗಳಲ್ಲಿ ಸುಮಾರು 360 ಪ್ರಭೇದಗಳಿವೆ. ಎಲ್ಲವೂ ಅಮೆರಿಕ ಖಂಡಗಳ ಹಕ್ಕಿಗಳು. ಭಾರತದಲ್ಲಿ ಒಂದೂ ಇಲ್ಲ. ನವಮಂಗಳೂರು ಬಂದರಿಗೆ ಜಾಗ ಬಿಟ್ಟುಕೊಟ್ಟ ಕುಟುಂಬಗಳಿಗೆ ನೆಲೆಯಾದ ಕಾಟಿಪಳ್ಳದಲ್ಲಿ ದಾಸವಾಳ, ಕೇಪುಳ, ಬಾಳೆಹೂಗಳ ಮಕರಂದ ಹೀರುವುದು ಸೂರಕ್ಕಿ. ಇವೆರಡೂ ನಂಟರಲ್ಲ. ಹಮ್ಮಿಂಗ್‌ಬರ್ಡ್ ಗಾಳಿಯಲ್ಲೇ ನಿಂತು ಹೀರುತ್ತದೆ, ಸೂರಕ್ಕಿ ಹೆಚ್ಚಾಗಿ ರೆಂಬೆಯ ಮೇಲೆ ಕೂತು ಕೊಕ್ಕು ಚಾಚುತ್ತದೆ. ಒಂದೇ ಬಗೆಯ ಆಹಾರ ಎರಡಕ್ಕೂ ಉದ್ದ ಕೊಕ್ಕನ್ನು ಕೊಟ್ಟಿದೆ.

ಸೂರಕ್ಕಿಯ ಅಧ್ಯಯನ ಆರಂಭವಾದದ್ದು ಸತ್ತ ಹಕ್ಕಿಗಳಿಂದ. ನಮ್ಮಲ್ಲಿ ಸಾಮಾನ್ಯವಾದ ಊದಾ ಪೃಷ್ಠದ ಸೂರಕ್ಕಿಗೂ ಲೋಟನ್ ಸೂರಕ್ಕಿಗೂ ಲಿನೇಯಸ್ 1766ರಲ್ಲಿ ವೈಜ್ಞಾನಿಕ ಹೆಸರಿಟ್ಟರು. ಲೋಟನ್ ಎಂಬುದು ಸಿಲೋನಿನ ಡಚ್ ಗವರ್ನರನ ಹೆಸರು. ಪಶ್ಚಿಮಘಟ್ಟಕ್ಕೇ ಸೀಮಿತವಾದ ಕೆಂಬೆನ್ನಿನ ಸೂರಕ್ಕಿಯನ್ನು ಬ್ರಿಟಿಷ್ ಸೇನಾಧಿಕಾರಿ ಸೈಕ್ಸ್ 1832ರಲ್ಲಿ ವಿವರಿಸಿದರು. ಹಕ್ಕಿಯನ್ನು ಹೊಡೆದು, ಚರ್ಮ ಒಣಗಿಸಿ, ಅಳತೆ ಬರೆದಿಡುವುದು ಆಗಿನ ಕ್ರಮವಾಗಿತ್ತು.

ಬದುಕಿರುವ ಹಕ್ಕಿಯ ಕಡೆಗೆ ಗಮನ ಹೊರಳಿದ್ದು 20ನೇ ಶತಮಾನದಲ್ಲಿ. ಸಲೀಂ ಅಲಿ 1932ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಭಾರತದ ಹೂಗಳಿಗೂ ಹಕ್ಕಿಗಳಿಗೂ ಇರುವ ಸಂಬಂಧವನ್ನು ಕುರಿತು ದೀರ್ಘ ಲೇಖನ ಬರೆದರು. ಯಾವ ಹಕ್ಕಿ ಯಾವ ಹೂವಿಗೆ ಬರುತ್ತದೆ ಎಂಬ ಪ್ರಶ್ನೆಗೆ ಅಲ್ಲಿ ಗಟ್ಟಿ ತಳಹದಿ ಸಿಕ್ಕಿತು. ಅವರು ಮುಂದೆ ನಡೆಸಿದ ಮೈಸೂರು ಸಮೀಕ್ಷೆ ಸಂಸ್ಥಾನದ ಗಡಿಗೆ ಸೀಮಿತವಾಗಿತ್ತು. ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿದ್ದರಿಂದ ಹೊರಗುಳಿಯಿತು. 1980ರ ದಶಕದಲ್ಲಿ ಪರಿಸರ ವಿಜ್ಞಾನಿ ಪ್ರಿಯಾ ದಾವಿದಾರ್ ಬಂದಣಿಕೆ ಗಿಡಗಳಿಗೂ ಅವುಗಳ ಪರಾಗಸ್ಪರ್ಶ ಮಾಡುವ ಹಕ್ಕಿಗಳಿಗೂ ಇರುವ ನಂಟನ್ನು ದಕ್ಷಿಣ ಭಾರತದ ಕಾಡುಗಳಲ್ಲಿ ಅಭ್ಯಸಿಸಿದರು.

ಛಾಯಾಗ್ರಹಣದ ಕಥೆ ಬೇರೆ. ಅಮೆರಿಕದ ಕ್ರಾಫರ್ಡ್ ಗ್ರೀನ್‌ವಾಲ್ಟ್ ಅತಿವೇಗದ ಫ್ಲ್ಯಾಶ್ ಬಳಸಿ ಹಮ್ಮಿಂಗ್‌ಬರ್ಡ್‌ಗಳ ರೆಕ್ಕೆಬಡಿತವನ್ನು ಚಿತ್ರದಲ್ಲಿ ಹಿಡಿದು 1960ರಲ್ಲಿ ಪುಸ್ತಕ ತಂದರು. ಕರ್ನಾಟಕದಲ್ಲಿ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಫಿಲ್ಮ್ ಯುಗದಲ್ಲೇ ಹೆಸರು ಮಾಡಿದರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಕ್ಯಾಮೆರಾ ಮತ್ತು ಲೇಖನಿ ಎರಡರಿಂದಲೂ ಹಕ್ಕಿಗಳನ್ನು ಕನ್ನಡ ಓದುಗರಿಗೆ ಪರಿಚಯಿಸಿದರು. ಆಗ ಗೂಡಿನ ಬಳಿ ಮರೆ ಕಟ್ಟಿ ಕಾಯುವುದು ರೂಢಿ. ಗೂಡಿಗೆ ಅದರಿಂದಾಗುವ ಅಪಾಯ ತಿಳಿದ ಮೇಲೆ ಹಲವು ಸ್ಪರ್ಧೆಗಳು ಅಂಥ ಚಿತ್ರಗಳನ್ನು ನಿರಾಕರಿಸುತ್ತಿವೆ. ಇದು ಈ ಕ್ಷೇತ್ರದ ಬಹುದೊಡ್ಡ ಮುನ್ನಡೆ.

ಡಿಜಿಟಲ್ ಕ್ಯಾಮೆರಾ ಮತ್ತು ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್ ಬಂದ ಬಳಿಕ ಪ್ರವಾಸಿಯೂ ದಾಖಲೆಗಾರನಾದ. ಆದರೆ ಚಿತ್ರಗಳಲ್ಲಿ ಹೊಳೆಯುವ ಗಂಡುಗಳದ್ದೇ ಮೇಲುಗೈ. ಮಾಸಲು ಬಣ್ಣದ ಹೆಣ್ಣುಗಳು ಕಡಿಮೆ, ಹೂವಿನ ಹೆಸರಂತೂ ಅಪರೂಪ. ಗಂಡಿನ ಹೊಳಪು ಗರಿಯ ಸೂಕ್ಷ್ಮ ರಚನೆಯಿಂದ ಬರುವುದರಿಂದ ಬೆಳಕಿನ ಕೋನ ತಪ್ಪಿದರೆ ಹಕ್ಕಿ ಕಪ್ಪಾಗಿ ಕಾಣುತ್ತದೆ. ಊದಾ ಸೂರಕ್ಕಿಯನ್ನೂ (ಇದು ಊದಾ ಪೃಷ್ಠದ ಸೂರಕ್ಕಿಯಲ್ಲ, ಬೇರೆ ಪ್ರಭೇದ) ಲೋಟನ್ ಸೂರಕ್ಕಿಯನ್ನೂ ಬೇರ್ಪಡಿಸಲು ಕೊಕ್ಕು ನೋಡಬೇಕು: ಲೋಟನ್‌ನದು ಹೆಚ್ಚು ಉದ್ದ, ಹೆಚ್ಚು ಬಾಗಿದ್ದು.

ಸಲೀಂ ಅಲಿ 1932ರಲ್ಲಿ ಕೈಗೆತ್ತಿಕೊಂಡ ಪ್ರಶ್ನೆಯನ್ನು ಮುಂದುವರಿಸಲು ಈಗ ದುಬಾರಿ ಲೆನ್ಸ್ ಬೇಕಿಲ್ಲ. ಕಾಟಿಪಳ್ಳದಲ್ಲಾಗಲಿ ಚಾರ್ಮಾಡಿ ಘಾಟಿಯಲ್ಲಾಗಲಿ ಸೂರಕ್ಕಿಯ ಚಿತ್ರ ತೆಗೆದವರು ದಿನಾಂಕ, ಸ್ಥಳಗಳ ಜತೆಗೆ ಹೂವಿನ ಹೆಸರನ್ನೂ ಬರೆಯಲಿ. ಗೂಡಿನಿಂದ ದೂರವಿರಲಿ.